ಕೊಟ್ಟ ಕೈಗೇ ಫ್ಯೂಸು

ಹಳೇ ಮೋಟರು ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವ ಮಾತು: ಕಣ್ಣಿನಿಂದ ನೋಡಬೇಡಿ, ಮೂಗಿನಿಂದ ನೋಡಿ. ಮೇಲಿನ ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಬೇರಿಂಗಿಗೆ ಗ್ರೀಸು ತುಂಬಿ ನಿಮ್ಮ ಎದುರಿಗೆ ಸದ್ದಿಲ್ಲದೆ ಓಡಿಸಿಯೂ ತೋರಿಸಬಹುದು. ಆದರೆ ಒಳಗೆ ಒಮ್ಮೆ ಸುಟ್ಟ ವೈಂಡಿಂಗಿನ ಕಮಟು ಇದೆಯಲ್ಲ, ಅದನ್ನು ಮುಚ್ಚುವ ಬಣ್ಣ ಇನ್ನೂ ಅಂಗಡಿಗೆ ಬಂದಿಲ್ಲ. ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೂತು ಪಂಪು, ಮೋಟರು, ಸ್ಟಾರ್ಟರುಗಳನ್ನು ಕೊಂಡು ಮಾರಿ ಬದುಕು ಕಟ್ಟಿಕೊಂಡವಳು ನಾನು. ಹೆಂಗಸು, ಇವಳಿಗೇನು ತಿಳಿದೀತು ಎಂದುಕೊಂಡು ಬಂದವರೆಲ್ಲ ಕೊನೆಗೆ ನಾನು ಹೇಳಿದ ಬೆಲೆಗೇ ತಲೆಯಾಡಿಸಿ ಹೋಗಿದ್ದಾರೆ. ಮೊನ್ನೆ ಹಾಗೆಯೇ ನಾಗಮಂಗಲದ ಕಡೆಯ ಗಿರಾಕಿಯೊಬ್ಬರ ಜೊತೆ ಚೌಕಾಸಿಗೆ ನಿಂತಿದ್ದೆ. ಪಕ್ಕದ ಶೆಡ್ಡಿನವರು ಕೆಟ್ಟುಹೋದ ಟ್ರಾನ್ಸ್‌ಫಾರ್ಮರೊಂದರ ಮುಚ್ಚಳ ಬಿಚ್ಚಿ ಎಣ್ಣೆ ಬಸಿಯತೊಡಗಿದರು. ಆ ವಾಸನೆ ಬಂದು ಮೂಗಿಗೆ ಹತ್ತಿದ್ದೇ ತಡ, ನನ್ನ ಬಾಯಲ್ಲಿದ್ದ ಬೆಲೆ ಬಾಯಲ್ಲೇ ನಿಂತಿತು. ಸೀಮೆಎಣ್ಣೆಯೂ ಅಲ್ಲ, ಹರಳೆಣ್ಣೆಯೂ ಅಲ್ಲ. ಬಿಸಿಲಿಗೆ ಕಾದ ಕಬ್ಬಿಣವನ್ನು ಹತ್ತಿರದಿಂದ ಮೂಸಿದ ಹಾಗಿರುತ್ತದೆ ಅದು. ಬೇರೆಯವರಿಗೆ ಅದು ರಿಪೇರಿ ಶೆಡ್ಡಿನ ವಾಸನೆ. ನನಗೆ ನಮ್ಮಜ್ಜಿಯ ಮಡಿಲಿನ ವಾಸನೆ. ನಿಮಗೂ ಹೀಗೆ, ಯಾರಿಗೂ ಹೇಳಿದರೆ ಅರ್ಥವಾಗದ ವಾಸನೆಯೊಂದು ಇದ್ದೇ ಇರುತ್ತದೆ. ಅದು ಬಂದಾಗ ವ್ಯಾಪಾರ ನಿಲ್ಲಿಸಿಬಿಡಿ. ಆ ಗಳಿಗೆಯಲ್ಲಿ ಹೇಳಿದ ಬೆಲೆ ಯಾವತ್ತೂ ಸರಿಯಾಗಿರುವುದಿಲ್ಲ.

ಸಂತೆಬಾಚಹಳ್ಳಿಯಿಂದ ಒಳಕ್ಕೆ ಹೋದರೆ ನಮ್ಮೂರು. ಊರಿಗೆ ಕಾಲಿಟ್ಟರೆ ಮೊದಲನೆಯದೇ ನಮ್ಮ ಮನೆ. ನಾಡಹೆಂಚಿನ ಮನೆ, ನಡುವೆ ಬಿಸಿಲು ಬೀಳುವ ತೊಟ್ಟಿ, ಬೀದಿಯ ಉದ್ದಕ್ಕೂ ಕೆಮ್ಮಣ್ಣು ಬಳಿದ ಜಗಲಿ. ಬೆಳಗಾದರೆ ಎತ್ತುಗಳಿಗೆ ಬೇಯುವ ಹುರುಳಿಯ ಹಬೆ, ಮಧ್ಯಾಹ್ನ ರಾಗಿ ಮುದ್ದೆ ತೊಳಸುವ ಸದ್ದು, ಸಂಜೆ ದನ ಕಟ್ಟುವ ಗೊಂತಿನ ಹತ್ತಿರ ಗಂಜಲದ ಜೊತೆ ಸೇರಿದ ಹಸಿಹುಲ್ಲಿನ ಗಮಲು. ಇವೆಲ್ಲದರ ನಡುವೆ ನಮ್ಮ ಮನೆಗೆ ಮಾತ್ರ ಇದ್ದ ಇನ್ನೊಂದು ಸಂಸಾರವೆಂದರೆ ಕರೆಂಟು ಸಂಘದ್ದು. ಜಗಲಿಯ ಗೋಡೆಗೆ ಅಡ್ಡಡ್ಡ ತೂಗುಹಾಕಿದ ಬಿದಿರೇಣಿ, ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರಿನ ಎಣ್ಣೆ ಡಬ್ಬ, ಸುರುಳಿ ಸುತ್ತಿದ ತಂತಿ, ಕಂಬದ ಮೇಲೆ ತಂತಿ ಕೂರಿಸುವ, ಈಗ ಒಡೆದ ಪಿಂಗಾಣಿ ಬಿಲ್ಲೆಗಳು. ಬಿಲ್ಲೆಗಳನ್ನು ಸಾಲಾಗಿ ಇಟ್ಟುಕೊಂಡು ನಾನು ಮನೆಯಾಟ ಆಡುತ್ತಿದ್ದೆ. ಸಂಘದ ಲೆಕ್ಕ ಬರೆಯುತ್ತಿದ್ದವರು ನಮ್ಮಪ್ಪ. ಅವ್ವ ಮಾತ್ರ ಕಸ ಗುಡಿಸುವಾಗಲೆಲ್ಲ, "ಇದೇನ್ ಮನೆಯೋ ಕರೆಂಟಾಫೀಸೋ, ಕಾಲಿಕ್ಕಕ್ಕೆ ಜಾಗಿಲ್ಲ" ಎಂದು ಗೊಣಗುತ್ತಿದ್ದಳು. ಆದರೂ ಪೊರಕೆಯನ್ನು ಆ ಡಬ್ಬಕ್ಕೆ ತಾಗಿಸುತ್ತಿರಲಿಲ್ಲ.

ಆ ಸಂಘ ಏನು ಎಂಬುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮೂರಿಗೆ ಮೊದಲು ಬಂದ ಕರೆಂಟು ಮನೆಯ ಬಲ್ಬುಗಳ ತನಕ ಬಂದು ನಿಂತಿತ್ತು. ಬಾವಿಗಳಿದ್ದದ್ದು ಕೆರೆಯ ಮೇಲುಭಾಗದ ಹೊಲಗಳಲ್ಲಿ. ಅಲ್ಲಿಗೆ ಲೈನು ಎಳೆಯುವುದು ಒಬ್ಬೊಬ್ಬರ ಕೈಲಿ ಆಗುವ ಕೆಲಸವಲ್ಲ. ಬಾವಿ ಇದ್ದವರೆಲ್ಲ ಸೇರಿ ಸಂಘ ಕಟ್ಟಿಕೊಂಡರು, ಕಂಬಗಳನ್ನು ಗಾಡಿಗೆ ಹೇರಿ ತಂದರು, ಗುಂಡಿ ತಾವೇ ತೋಡಿದರು, ಯಾರ ಬದುವಿನ ಮೇಲೆ ಕಂಬ ನಿಲ್ಲಬೇಕೆಂದು ಬಾಯಿ ಹರಿಯುವ ತನಕ ಜಗಳವಾಡಿದರು. ಟ್ರಾನ್ಸ್‌ಫಾರ್ಮರು ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆದರಂತೆ. ಆಮೇಲೆ ಮೋಟರು ಹಾಕುವ ಸರದಿ ಸಂಘದ್ದು, ತಂತಿ ಕಿತ್ತರೆ ಕಟ್ಟುವುದು ಸಂಘದ್ದು. ಯಾರ ಮನೆಯಲ್ಲಿ ಮದುವೆಯಾದರೂ ಆ ಸಂಜೆ ಎಲ್ಲರೂ ಮೋಟರು ನಿಲ್ಲಿಸುತ್ತಿದ್ದರು, ಚಪ್ಪರದ ದೀಪ ಮಂಕಾಗಬಾರದು ಎಂದು. ಟ್ರಾನ್ಸ್‌ಫಾರ್ಮರು ಸುಟ್ಟರೆ ಟ್ರಾಕ್ಟರಿಗೆ ಹೇರಿ ಪಾಂಡವಪುರದ ರಿಪೇರಿ ಶೆಡ್ಡಿಗೆ ಸಾಗಿಸಿ, ಬುತ್ತಿ ಕಟ್ಟಿಕೊಂಡು ಹೋದವರು ಅದರ ಎದುರಿಗೇ ಕೂತುಬಿಡುತ್ತಿದ್ದರು. ಈಗಲೂ ನಾನು ಹೇಳುವುದು ಅದನ್ನೇ. ರಿಪೇರಿಗೆ ಕೊಟ್ಟ ವಸ್ತುವಿನ ಎದುರಿಗೆ ಕೂತಿದ್ದರೆ ಅದು ನಿಮ್ಮ ಕೆಲಸ. ಎದ್ದು ಬಂದರೆ ಅದು ಮೂಲೆಯ ಸಾಮಾನು.

ಲೈನ್‌ಮನ್ ಒಬ್ಬರೇ, ಅವರು ನೋಡಬೇಕಾದ ಊರುಗಳು ಹತ್ತಾರು. ಅವರಿಗಾಗಿ ಕಾದರೆ ಪೈರು ಕಾಯುವುದಿಲ್ಲ. ಹಾಗಾಗಿ ಸಣ್ಣಪುಟ್ಟದ್ದಕ್ಕೆ ಊರಿನವರೇ ಕಂಬ ಹತ್ತುತ್ತಿದ್ದರು. ಅದು ತಪ್ಪು, ನೀವು ಮಾಡಬೇಡಿ. ಹತ್ತುವ ಮೊದಲು ಟ್ರಾನ್ಸ್‌ಫಾರ್ಮರಿನ ಬುಡದ ಪೆಟ್ಟಿಗೆಯಿಂದ ಮೂರು ಪಿಂಗಾಣಿ ಫ್ಯೂಸುಗಳನ್ನು ಕಿತ್ತುಕೊಳ್ಳಬೇಕು. ಅವು ಪೆಟ್ಟಿಗೆಯಲ್ಲಿಲ್ಲದಿದ್ದರೆ ಹೊಲದ ತಂತಿಯಲ್ಲಿ ಜೀವವಿಲ್ಲ. ಆದರೆ ಕಿತ್ತ ಫ್ಯೂಸು ಯಾರ ಹತ್ತಿರ ಇರಬೇಕು? ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಹೊಲವಿದ್ದ ಬೋರೇಗೌಡರ ಹತ್ತಿರ ಇಟ್ಟರೆ ಅವರು ತಮ್ಮ ಮೋಟರಿಗೆ ಅವಸರ ಮಾಡುತ್ತಾರೆ ಎಂದು ಉಳಿದವರು. ಉಳಿದವರ ಹತ್ತಿರ ಇಟ್ಟರೆ ಅವರೂ ಅಷ್ಟೇ ಎಂದು ಬೋರೇಗೌಡರು. ಕೊನೆಗೆ ಎಲ್ಲರ ಕಣ್ಣು ನಮ್ಮ ಮನೆಯ ಮೇಲೆ ಬಿತ್ತು. ನಮ್ಮ ಗದ್ದೆಯೆಲ್ಲ ಕೆರೆಯ ಕೆಳಗೆ. ಬಾವಿಯಿಲ್ಲ, ಮೋಟರಿಲ್ಲ, ಅವಸರವೂ ಇಲ್ಲ. ನಮ್ಮಜ್ಜಿ ಕೆಂಪಮ್ಮನನ್ನು ಆರಿಸಿದ್ದು ಅವಳ ಮೇಲಿನ ನಂಬಿಕೆಯಿಂದ ಎಂದು ನಾನು ಹೇಳುವುದಿಲ್ಲ. ಅವರಿಗೆ ಒಬ್ಬರ ಮೇಲೊಬ್ಬರಿಗೆ ಇದ್ದ ಅಪನಂಬಿಕೆಯಿಂದ. ಅಜ್ಜಿ ಒಪ್ಪಿಕೊಳ್ಳುವ ಮೊದಲು ಒಂದು ಷರತ್ತು ಹಾಕಿದಳಂತೆ. "ಯಾವ ಕೈ ತಂದ್ಕೊಡ್ತದೋ ಆ ಕೈಗೇ ಕೊಡೋದು. ದೇವರೇ ಇಳ್ದು ಬಂದು ಕೇಳಿದ್ರೂ ಬ್ಯಾರೆ ಕೈಗೆ ಕೊಡಾಕಿಲ್ಲ. ಒಪ್ಕಂಡೀರಾ?" ಎಲ್ಲರೂ ಹೂಂ ಎಂದರು. ಎಲ್ಲರಿಗಿಂತ ಜೋರಾಗಿ ಹೂಂ ಎಂದವರು ಬೋರೇಗೌಡರು. ಅಂದಿನಿಂದ ಯಾರು ಕಂಬ ಹತ್ತಿದರೂ ಅವರು ಇಳಿದು ಬರುವ ತನಕ ಅಜ್ಜಿ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮೂರೂ ಫ್ಯೂಸು ಅವಳ ಮಡಿಲಲ್ಲಿ, ಅದರ ಮೇಲೆ ಸೆರಗು, ಸೆರಗಿನ ಮೇಲೆ ಕೈ. ಫ್ಯೂಸಿಗೆ ಮೆತ್ತಿಕೊಂಡು ಬರುತ್ತಿದ್ದ ಟ್ರಾನ್ಸ್‌ಫಾರ್ಮರಿನ ಎಣ್ಣೆ ಅವಳ ಸೀರೆಗೆ ಹತ್ತಿ, ಎಷ್ಟು ಸಲ ಒಗೆದರೂ ಹೋಗದೆ, ಎಲೆಅಡಕೆಯ ಘಾಟಿನ ಜೊತೆ ಅವಳದೇ ವಾಸನೆಯಾಗಿ ಉಳಿದುಬಿಟ್ಟಿತ್ತು.

ನಾನೀಗ ಹೇಳಹೊರಟ ದಿನ ನಾಟಿಯ ಕಾಲದ್ದು. ಮೇಲಿನ ಕಂಬವೊಂದರಲ್ಲಿ ತಂತಿಯ ಗಂಟು ಸುಟ್ಟು ಎಲ್ಲ ಮೋಟರುಗಳೂ ನಿಂತಿದ್ದವು. ಬೋರೇಗೌಡರ ಮಗ ಮಂಜ ಬೆಳಿಗ್ಗೆಯೇ ಫ್ಯೂಸು ಕಿತ್ತು ತಂದು, "ತಗಳಜ್ಜಿ, ನನ್ ಪ್ರಾಣ" ಎಂದು ನಗುತ್ತ ಅಜ್ಜಿಯ ಮಡಿಲಿಗೆ ಹಾಕಿ, ಸೈಕಲ್ಲು ಹತ್ತಿ ಹೊಲದ ಕಡೆಗೆ ಹೋದ. ಮದುವೆಯ ವಯಸ್ಸಿನ ಹುಡುಗ, ಗೌಡರಿಗೆ ಒಬ್ಬನೇ ಮಗ. ಬಿಸಿಲು ಏರಿತು. ಕರೆಂಟಿನ ಸುಳಿವಿರಲಿಲ್ಲ. ಮೋಟರು ಓಡುವಂಥ ತ್ರೀಫೇಸು ಹಗಲಿನಲ್ಲಿ ಕೆಲವೇ ಹೊತ್ತು ಬರುತ್ತಿದ್ದದ್ದು, ಅದೂ ಯಾವಾಗ ಎಂದು ಹೇಳಲು ಬರುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಊರೊಳಗಿನ ರಾಗಿ ಗಿರಣಿ ದಡದಡ ಎಂದು ಶುರುವಾಯಿತು. ಗಿರಣಿಯದು ಬೇರೆ ಲೈನು, ಅದು ಓಡಿತೆಂದರೆ ತ್ರೀಫೇಸು ಬಂತೆಂದು ಅರ್ಥ. ಬೀದಿಯ ಮನೆಗಳಿಂದ ಜನ ಹೊರಗೆ ಬಂದರು. ಅಜ್ಜಿ ಮಡಿಲಿನ ಮೇಲಿದ್ದ ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಬೋರೇಗೌಡರು ಬಂದದ್ದು ದಾಪುಗಾಲು ಹಾಕಿಕೊಂಡು. "ಕೆಂಪಕ್ಕ, ಫ್ಯೂಸ್ ಕೊಡು. ತ್ರೀಫೇಸ್ ಬಂದದೆ."

"ಮಂಜ ಎಲ್ಲವ್ನೆ?"

"ಮನೇಗವ್ನೆ. ಸೈಕಲ್ಲು ಗ್ವಾಡೆಗೆ ಒರಗಿರೋದ ಕಣ್ಣಾರೆ ನೋಡ್ಕಂಡೇ ಬತ್ತಾವ್ನಿ. ಉಣ್ಣಕ್ಕೆ ಕುಂತಿರ್ಬೇಕು. ಕೊಡು, ನಾನೇ ಓಗಿ ಆಕ್ತೀನಿ."

"ಉಂಡ್ಕಂಡು ಬರ್ಲಿ ಬುಡು. ಅವ್ನ ಕೈಗೇ ಕೊಡ್ತೀನಿ."

"ಅಷ್ಟೊತ್ತಿಗೆ ಕರೆಂಟು ಓಯ್ತದೆ ಕಣಕ್ಕಾ! ಪೈರು ಕಿತ್ತು ಕಟ್ಟು ಕಟ್ಟಿ ಆಕಿವ್ನಿ. ನಾಟಿ ಎಣ್ಣಾಳು ಬದಿನ್ ಮ್ಯಾಲೆ ಕುಂತವ್ರೆ. ಕೆಸರಿಗೆ ನೀರಿಲ್ಲ, ಪೈರೆಲ್ಲ ಬಾಡ್ತಾ ಅದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅಕ್ಕಿಹೆಬ್ಬಾಳಿನ ಕಡೆಯಿಂದ ಕರೆಸಿದ್ದ ಹೆಣ್ಣಾಳುಗಳಲ್ಲಿ ಒಬ್ಬಳು ಅವರ ಬೆನ್ನ ಹಿಂದೆಯೇ ಬಂದು ನಿಂತಿದ್ದಳು. ಕಿತ್ತ ಪೈರಿಗೆ ಆ ದಿನ ನೀರಿನ ಕೆಸರು ಸಿಗದಿದ್ದರೆ ಆ ವರ್ಷದ ಗದ್ದೆ ಅಷ್ಟೇ. ಆ ಹೆಂಗಸು ಸೊಂಟಕ್ಕೆ ಕೈಯಿಟ್ಟುಕೊಂಡು, "ಅಜ್ಜಿ ಮೊಟ್ಟೆ ಕಾವಿಗಿಟ್ಟಂಗೆ ಮಡ್ಲಾಗೆ ಇಟ್ಕಂಡದೆ ಕಣ್ರೀ ಗೌಡ್ರೆ. ಮರಿ ಆಗೋಗಂಟ ಕೊಡಾಕಿಲ್ಲ" ಎಂದಳು. ಬೀದಿಯಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಗೌಡರ ಮುಖ ಕೆಂಪೇರಿತು. ಅಲ್ಲಿಯವರೆಗೆ ಕೇಳುತ್ತಿದ್ದವರು ಈಗ ಗದರತೊಡಗಿದರು. ಹತ್ತು ಜನರ ನಡುವೆ ನಗೆಪಾಟಲಾದ ಮನುಷ್ಯನ ಜೊತೆ ವ್ಯವಹಾರ ಕುದುರುವುದಿಲ್ಲ. ಅವನಿಗೆ ಆಮೇಲೆ ಬೇಕಾಗುವುದು ವಸ್ತುವಲ್ಲ, ಗೆಲುವು.

ಅಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದವರು ಮೆಲ್ಲಗೆ, "ಕೊಟ್ಬುಡವ್ವ. ಎತ್ತ ಅಪ್ಪನೇ ಬಂದು ಕೇಳ್ತಾವ್ನಲ್ಲ" ಎಂದರು.

"ನಿನ್ ಲೆಕ್ಕ ನೀನ್ ಬರ್ಕ ಓಗು" ಎಂದಳು ಅಜ್ಜಿ, ಅಪ್ಪನ ಕಡೆ ತಿರುಗಿಯೂ ನೋಡದೆ.

"ಅವ್ನು ನನ್ ಮಗ ಕಣಕ್ಕಾ!" ಗೌಡರ ದನಿ ಬೀದಿಯ ಆ ತುದಿಗೆ ಕೇಳುವಂತೆ ಏರಿತು. "ನನ್ ಮಗನ್ ಮ್ಯಾಲೆ ನನ್ಗಿಲ್ದಿರೋ ಅಕ್ಕರೆ ನಿನ್ಗೈತಾ?"

"ಮಗ ನಿನ್ನೋನೇ ಕಣ್ಲಾ. ಫ್ಯೂಸು ಅವ್ನ್ದು."

ಆ ಮಾತಿಗೆ ಯಾರೂ ನಗಲಿಲ್ಲ. ಗಿರಣಿಯ ಸದ್ದು ಮಾತ್ರ ಕೇಳುತ್ತಿತ್ತು. ಅದು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ನಿಂತರೆ ಆ ದಿನದ ನೀರು ಹೋಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೊದಲು ನಕ್ಕವರೇ ಈಗ, ಕೊಡಬಾರದಾ, ಅಪ್ಪನೇ ಹೇಳಿದ ಮೇಲೆ ಇನ್ನೇನು ಎಂದು ಒಬ್ಬೊಬ್ಬರಾಗಿ ಶುರುಮಾಡಿದರು. ಅವರವೂ ಗದ್ದೆಗಳಿದ್ದವು. ನಾನು ಅಜ್ಜಿಯ ಬೆನ್ನಿಗೆ ಒತ್ತಿಕೊಂಡು ಕೂತಿದ್ದೆ. ಅವಳ ಉಸಿರು ಮೇಲೆ ಕೆಳಗೆ ಆಗುವುದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. ಆಗ ಗೌಡರು ಆಡಬಾರದ ಮಾತು ಆಡಿದರು. "ಗಂಡ ಇಲ್ದೋಳು, ಮನೇಲೊಂದು ಮೋಟ್ರಿಲ್ದೋಳು, ನಮ್ ಕರೆಂಟ್ ಮ್ಯಾಲೆ ಕುಂತ್ಕಂಡು ಯಜಮಾನ್ಕೆ ಮಾಡ್ತಾವ್ಳೆ. ನಿನ್ ಫ್ಯೂಸೇ ಬ್ಯಾಡ ಓಗು. ತಂತಿ ಸುತ್ತಿ ಕೊಡ್ತೀನಿ ಕರೆಂಟ!" ಎಂದವರೇ ತಿರುಗಿದರು. ಫ್ಯೂಸಿನ ಜಾಗಕ್ಕೆ ತುಂಡು ತಂತಿ ಸುತ್ತಿದರೂ ಕರೆಂಟು ಹರಿಯುತ್ತದೆ. ಅಷ್ಟು ಯಾರಿಗೆ ಬೇಕಾದರೂ ಗೊತ್ತಿತ್ತು. ಅಜ್ಜಿ ಇಷ್ಟು ಹೊತ್ತು ಮಡಿಲಲ್ಲಿ ಕಾದಿದ್ದು ಅದೊಂದು ಮಾತಿಗೆ ಬೆಲೆಯಿಲ್ಲದ್ದಾಯಿತು.

ಅಜ್ಜಿ ಎದ್ದು ನಿಂತಳು. ಕಂಬದ ಮೇಲೆ ಜನವಿದ್ದಾಗ ಅವಳು ಏಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಬೋರಾ" ಎಂದಳು. ಕೂಗಲಿಲ್ಲ. "ಓಗು, ಸುತ್ತು. ನಾನ್ ತಡ್ಯಾಕಿಲ್ಲ. ಆದ್ರೆ ಮಂಜನ್ನ ಪಕ್ಕದಾಗೆ ನಿಲ್ಲುಸ್ಕಂಡು ಸುತ್ತು. ಮನೇಗೇ ಅವ್ನಲ್ಲ, ಕರ್ಕ ಓಗು."

ಅಷ್ಟೇ ಅವಳು ಹೇಳಿದ್ದು. ಗೌಡರು ಏನೋ ಬೈದುಕೊಂಡು ತಮ್ಮ ಮನೆಯ ಕಡೆಗೇ ನಡೆದರು. ಟ್ರಾನ್ಸ್‌ಫಾರ್ಮರಿಗೆ ಹೋಗುವ ದಾರಿಯೂ ಅದೇ. ಅಲ್ಲಿಂದ ಮುಂದಕ್ಕೆ ಅವರು ಮನೆಯೊಳಗೆ ಹೋಗುತ್ತಾರೋ ನೆಟ್ಟಗೆ ಹೋಗಿಬಿಡುತ್ತಾರೋ ನಮಗೆ ಕಾಣುವಂತಿರಲಿಲ್ಲ. ಬೀದಿ ಅಲ್ಲಿ ತಿರುಗುತ್ತದೆ. ಅಜ್ಜಿ ಕುಸಿದು ಕೂತಳು. "ನೀರ್ ಕೊಡವ್ವ" ಎಂದಳು ನನಗೆ. ಚೊಂಬು ತಂದರೆ ಹಿಡಿಯಲು ಅವಳ ಕೈ ಮೇಲೇಳಲಿಲ್ಲ. ಎರಡೂ ಕೈ ಫ್ಯೂಸುಗಳ ಮೇಲೇ ಇದ್ದವು. ನಾನೇ ಅವಳ ಬಾಯಿಗೆ ನೀರು ಹೊಯ್ದೆ. ಅರ್ಧ ಗಂಟಲಿಗೆ ಇಳಿಯಿತು, ಅರ್ಧ ಸೆರಗಿಗೆ. ಅವ್ವ ಒಳಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಆಮೇಲೆ ತಿರುವಿನಿಂದ ಬೋರೇಗೌಡರು ಓಡಿ ಬಂದರು. ಅಷ್ಟು ದಪ್ಪದ ಮನುಷ್ಯ ಹಾಗೆ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಜಗಲಿಯನ್ನು ದಾಟಿ, ನಮ್ಮನ್ನು ನೋಡದೆ, "ಮಂಜಾ, ಲೇ ಮಂಜಾ" ಎಂದು ಕೂಗುತ್ತ ಹೊಲದ ದಾರಿ ಹಿಡಿದರು. ಹೆಗಲ ಮೇಲಿನ ಟವಲು ಬೀದಿಯಲ್ಲಿ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಅವರ ಹಿಂದೆಯೇ ಅವರ ಮನೆಯ ಆಳು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಸೈಕಲ್ಲು ತಳ್ಳುತ್ತ ಬಂದು, ಬೀದಿಯಲ್ಲಿ ಇಷ್ಟೊಂದು ಜನ ನಿಂತಿದ್ದನ್ನು ಕಂಡು ಬೆಪ್ಪಾದ. "ತಂತಿ ಸಾಲ್ಲಿಲ್ಲ, ಅಟ್ಟದಾಗೈತೆ ತಗಂಡು ಬಾ ಅಂತ ಮಂಜಣ್ಣ ಸೈಕಲ್ಲು ಕೊಟ್ಟು ಕೆರೆ ಏರಿ ಮ್ಯಾಲಿನ ದಾರೀಲಿ ಕಳಿಸ್ತು. ಅದು ಇನ್ನೂ ಕಂಬದ್ ಮ್ಯಾಲೇ ಕುಂತದೆ" ಎಂದ.

ಆ ಹೆಣ್ಣಾಳು ತಲೆಯ ಮೇಲೆ ಕೈ ಹೊತ್ತು ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತಳು.

ಮಂಜ ಬಂದಾಗ ಬಿಸಿಲು ವಾಲಿತ್ತು. ಅಂಗೈಯೆಲ್ಲ ಕಪ್ಪು, ಮೊಣಕೈ ತರಚಿತ್ತು. "ಏನಜ್ಜಿ, ಊರೆಲ್ಲ ಇಲ್ಲೇ ಸೇರೈತೆ? ಕೊಡು, ಮುಗೀತು" ಎಂದು ಕೈ ಚಾಚಿದ. ಅಜ್ಜಿ ಅವನ ಮುಖ ನೋಡಿದಳು, ಆಮೇಲೆ ಆ ಕೈಯನ್ನು ನೋಡಿದಳು. "ಮ್ಯಾಲೆ ಇನ್ಯಾರಾರ ಅವ್ರಾ?"

"ಇಲ್ಲ ಕಣಜ್ಜಿ. ನಾನೊಬ್ನೇ ಇದ್ದದ್ದು."

ಒಂದೊಂದಾಗಿ ಅವನ ಅಂಗೈಗೆ ಇಟ್ಟಳು. ಗಿರಣಿ ಇನ್ನೂ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆರೆಯ ಮೇಲಿನಿಂದ ಮೋಟರುಗಳ ಗುಂಯ್‌ಗುಟ್ಟುವಿಕೆ ಕೇಳಿಸಿತು. ನೀರು ಬಿದ್ದ ಕೆಸರಿನ ವಾಸನೆ ಗಾಳಿಯಲ್ಲಿ ಬಂತೆಂದು ನನಗೆ ನೆನಪು. ಅಷ್ಟು ದೂರದಿಂದ ಬರಲು ಸಾಧ್ಯವಿಲ್ಲ, ಆದರೂ ನೆನಪಿಗೆ ಹಾಗೆಯೇ ಇದೆ. ಗೌಡರು ಮಗನ ಹಿಂದೆ ಬಂದವರು ಮಗನ ಜೊತೆ ಹೋಗಲಿಲ್ಲ. ಜಗಲಿಯ ಕೆಳಗೆ ತಲೆ ತಗ್ಗಿಸಿ ನಿಂತರು. ಅಜ್ಜಿ ಸೀರೆಯ ಮಡಿಲು ಕೊಡವಿಕೊಂಡು, "ಬಿಸ್ಲಾಗೆ ಓಡ್ಬಂದಿದ್ದೀಯ. ಮಜ್ಜಿಗೆ ಕುಡ್ದೀಯಾ ಬೋರಾ?" ಎಂದಳು. ಅವ್ವ ಚೊಂಬು ತಂದಿಟ್ಟಳು. ಅವರು ಮುಟ್ಟಲಿಲ್ಲ. ಇನ್ನೂ ಏನನ್ನೋ ಕಾಯುವವರ ಹಾಗೆ ನಿಂತೇ ಇದ್ದರು. ಅಜ್ಜಿ ಬೇರೆ ಏನೂ ಹೇಳಲಿಲ್ಲ. ಕೊನೆಗೆ ಅವರು ಹೊರಟುಹೋದರು.

ಅವರು ಮತ್ತೆ ನಮ್ಮ ಜಗಲಿ ಹತ್ತಲಿಲ್ಲ. ಒಂದೆರಡು ಸುಗ್ಗಿ ಕಳೆಯುವುದರಲ್ಲಿ ಓಡಾಡಿ ತಮ್ಮ ಹೊಲಕ್ಕೇ ಬೇರೆ ಟ್ರಾನ್ಸ್‌ಫಾರ್ಮರು ಹಾಕಿಸಿಕೊಂಡರು. ಅವರನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು. ಸಂಘ ಯಾರೂ ಮುಚ್ಚದೆ ತಾನೇ ಮುಚ್ಚಿಹೋಯಿತು. ಮದುವೆಯ ಸಂಜೆ ಮೋಟರು ನಿಲ್ಲಿಸುವುದು ನಿಂತಿತು. ಈಗ ಜನರೇಟರು ಬರುತ್ತದೆ, ಶ್ರೀರಂಗಪಟ್ಟಣದ ಕಡೆಯಿಂದ ದೀಪದವರು ಬರುತ್ತಾರೆ. ಸರದಿಯ ಜಗಳಗಳೂ ಇಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವವಳಲ್ಲ. ಈಗ ನೀರು ಹೆಚ್ಚು, ಜಗಳ ಕಡಿಮೆ, ನನಗೆ ವ್ಯಾಪಾರವೂ ಜಾಸ್ತಿ. ಆದರೆ ಈಗ ಯಾರಾದರೂ ಕಂಬ ಹತ್ತಿದರೆ ಅವರು ಇಳಿಯುವ ತನಕ ಇಂಥಲ್ಲಿ ಇಂಥವರು ಅಲ್ಲಾಡದೆ ಕೂತಿದ್ದಾರೆ ಎಂದು ಹೇಳಲು ನಮ್ಮೂರಿನಲ್ಲಿ ಒಂದು ಮನೆಯಿಲ್ಲ. ಅಜ್ಜಿ ತೀರಿಕೊಂಡಾಗ ಮಂಜ ಬಂದು ಹೆಗಲು ಕೊಟ್ಟ. ಅವನ ಅಪ್ಪ ಬರಲಿಲ್ಲ. ಆಮೇಲೆ ನಮ್ಮಪ್ಪ, ಅವ್ವನೂ ತೀರಿಹೋದರು. ಪಾಲಾಯಿತು. ಮನೆ ಕೆಡವಿ ಜಾಗ ಹಂಚಿಕೊಳ್ಳುವುದೆಂದು ತಮ್ಮಂದಿರು ತೀರ್ಮಾನಿಸಿದರು. ತೊಲೆ, ಹೆಂಚುಗಳ ಬೆಲೆ ಕುದುರಿಸಲು ನನ್ನನ್ನೇ ಕರೆದರು. ನಾನು ಹೋಗಿ ನಿಂತು, ಒಳ್ಳೆಯ ಬೆಲೆಗೇ ಮಾರಿಕೊಟ್ಟೆ.

ತೊಲೆಗಳು ಲಾರಿ ಏರಿದ ಮೇಲೆ, ಮಣ್ಣಿನ ಗುಡ್ಡೆಯ ಹತ್ತಿರ ನಾನೊಬ್ಬಳೇ ಇದ್ದೆ. ಬೋರೇಗೌಡರು ಕೋಲೂರಿಕೊಂಡು ಬಂದರು. ಮೈ ಇಳಿದುಹೋಗಿತ್ತು, ಕಣ್ಣಿನ ಮೇಲೆ ಪೊರೆ. ನಾನು ಯಾರೆಂದು ಹೇಳಿದೆ. "ಗೊತ್ತು ಕಣವ್ವ, ಅಜ್ಜಿ ಬೆನ್ನಿಗೆ ಅಂಟ್ಕಂಡಿದ್ದೋಳು" ಎಂದರು. ಮಂಜನ ಮಕ್ಕಳ ಓದಿನ ಬಗ್ಗೆ ಕೇಳಿದೆ, ಹೇಳಿದರು. ಆಮೇಲೆ ತಾವಾಗಿಯೇ ಅಂದರು: "ಅವತ್ತು ನಿಮ್ಮಜ್ಜಿ ಒಂದ್ ಮಾತು ಬೈದಿದ್ರೆ ಸಾಕಾಗಿತ್ತು. ಮಗನ್ ಸಾಯ್ಸಕ್ಕೆ ಬಂದಿದ್ಯಲ್ಲೋ ಮುಂಡೇಮಗನೆ ಅಂತ ಉಗ್ದಿದ್ರೆ, ಕಾಲಿಗ್ ಬಿದ್ದು ಅತ್ತು, ನಾಳೀಕೆ ಮತ್ತೆ ನಿಮ್ ಜಗ್ಲಿಗೇ ಬತ್ತಿದ್ದೆ ಕಣವ್ವ. ಬೈಲಿಲ್ಲ. ಮಜ್ಜಿಗೆ ಕುಡಿ ಅಂದ್ಬುಟ್ಳು."

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಕೋಲಿನಿಂದ ನೆಲ ತಡವಿ ಬಾಗಿಲಿದ್ದ ಜಾಗ ಯಾವುದೆಂದು ಕೇಳಿದರು. ತೋರಿಸಿದೆ. ಅಲ್ಲಿ ನಿಂತು ಮೆಟ್ಟು ಕಳಚಿಟ್ಟು, ಇಲ್ಲದ ಹೊಸ್ತಿಲನ್ನು ದಾಟುವವರ ಹಾಗೆ ಕಾಲೆತ್ತಿ, ಒಳಗೆ ಹೋದರು.